‘ರಾಗ ಎಳೆಯೋದು’ ಬೈಗುಳ ಆಗಿದ್ದು ಹೇಗೆ?

ಮುಧೋಳದ ಹಾದಿ (ಬಾಗಲಕೋಟೆ)

ಎಲ್ಲರಿಗೂ ಶರಣು. ಒಂದು ಮಾತು ಒಂದು ವಾರದಿಂದ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಸಂಗೀತ ಬಲ್ಲವರೂ ಇದ್ದೀರಿ, ಭಾಷೆ ಬಲ್ಲವರೂ ಇದ್ದೀರಿ ಅಂತ ಕೇಳುತ್ತಿದ್ದೇನೆ.

ಕಳೆದ ಸೋಮವಾರ ಬೆಳಗ್ಗೆ ನನ್ನ ಮಗ ಅಡುಗೆ ಮನೆ ಬಾಗಿಲಿಗೆ ಆನಿಕೊಂಡು ನಿಂತಿದ್ದ. ಏಳನೇ ಕ್ಲಾಸು. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ, “ಅವ್ವಾ... ನಮ್ಮ ಸಾಲ್ಯಾಗ... ಎಲ್ಲಾರೂ ಟ್ರಿಪ್ಪಿಗೆ...” ಅಂತ ಶುರು ಮಾಡಿದ. ಒಂದೊಂದು ಅಕ್ಷರಕ್ಕೂ ಒಂದು ಮೊಳ ಬಾಲ. ಅವನ ತಾಯಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಅಂದಳು, “ಯಾಕ ರಾಗಾ ಎಳ್ಯಾಕತ್ತಿ? ಎಷ್ಟ ರೊಕ್ಕ ಬೇಕ ಹೇಳು.”

ಅದೇ ದಿನ ರಾತ್ರಿ ಮಠದಲ್ಲಿ ಭಜನೆ. ಪೇಟಿ (ಹಾರ್ಮೋನಿಯಂ) ಮುಂದೆ ಕೂತ ಮಾಸ್ತರು ಪದ ಶುರು ಮಾಡುವ ಮೊದಲು ‘ಗುರುವೇ’ ಅನ್ನೋ ಒಂದೇ ಮಾತನ್ನು ಹಿಡಿದುಕೊಂಡರು. ಕೆಳಗಿಂದ ಎತ್ತಿದರು, ನಡುವೆ ನಿಲ್ಲಿಸಿದರು, ಮತ್ತೆ ಮೇಲಕ್ಕೆ ಒಯ್ದರು. ತಾಳ ಹಿಡಿದವರು ತಾಳ ತೊಡೆ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ತಬಲದವನ ಕೈ ತಬಲದ ಮೇಲೆ ಹಾಗೇ ಇತ್ತು. ಮುಗಿದಾಗ ನನ್ನ ಪಕ್ಕದ ಮುದುಕರು ಟಾವೆಲಿನಿಂದ ಕಣ್ಣು ಒರೆಸಿಕೊಂಡು ಅಂದರು, “ಏನ್ ರಾಗಾ ಎಳದ್ರಪಾ ಮಾಸ್ತರ!”

ಅದೇ ಮಾತು. ಬೆಳಗ್ಗೆ ಬೈಗುಳ, ರಾತ್ರಿ ಹೊಗಳಿಕೆ. ಹಾಡಿನ ಮಾತು ಉದ್ದ ಮಾತಾಡುವವರಿಗೆ ಅಂಟಿಕೊಂಡಿದ್ದು ಹೇಗೆ?

ಶಹಾಪುರ ಓಣಿ (ಬೆಳಗಾವಿ)

ಒಳ್ಳೆಯ ಪ್ರಶ್ನೆ ಅಣ್ಣಾ. ನಮ್ಮ ಮನೆಯಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಮರಾಠಿಯಲ್ಲಿ ‘ರಾಗ’ ಅಂದರೆ ಸಿಟ್ಟು. ‘ರಾಗ ಆಲಾ’ ಅಂದರೆ ಸಿಟ್ಟು ಬಂತು. ಹಾಡಿನ ರಾಗಕ್ಕೂ ಅದೇ ಪದ. ಒಂದೇ ಮನೆಯಲ್ಲಿ ಬೆಳಗ್ಗೆ ಒಂದು ರಾಗ, ಸಂಜೆ ಇನ್ನೊಂದು.

ಮೂಲ ಹುಡುಕಿದರೆ ಎರಡೂ ಒಂದೇ ಕಡೆ ಹೋಗಿ ನಿಲ್ಲುತ್ತವೆ. ಸಂಸ್ಕೃತದ ‘ರಂಜ್’ ಅನ್ನೋ ಧಾತು. ಬಣ್ಣ ಹಿಡಿಯೋದು, ಕೆಂಪಾಗೋದು ಅಂತ ಅರ್ಥ. ಮನಸ್ಸಿಗೆ ಬಣ್ಣ ಹತ್ತಿದರೆ ಅನುರಾಗ. ಮುಖ ಕೆಂಪಾದರೆ ಮರಾಠಿಯ ಸಿಟ್ಟು. ಕೇಳುವವರ ಮನಸ್ಸಿಗೆ ಬಣ್ಣ ಹಾಕಿದರೆ ಹಾಡಿನ ರಾಗ. ರಂಜನೆ, ರಂಗು ಎಲ್ಲ ಅದೇ ಕುಟುಂಬ. ಅಂದರೆ ಈ ಪದ ಹುಟ್ಟಿದ್ದೇ ಹಾಡಿನಲ್ಲಿ ಅಲ್ಲ. ಬಣ್ಣದಿಂದ ಹಾಡಿಗೆ ಬಂತು, ಹಾಡಿನಿಂದ ನಿಮ್ಮ ಮಗನ ಬಾಯಿಗೆ ಹೋಯಿತು.

ರಬಕವಿ ಮಗ್ಗ

ಬಣ್ಣದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮದು ನೇಕಾರರ ಮನೆತನ. ನೂಲನ್ನು ಬಣ್ಣದಲ್ಲಿ ಒಮ್ಮೆ ಅದ್ದಿ ಎತ್ತಿದರೆ ಬಣ್ಣ ಹಿಡಿಯೋದಿಲ್ಲ. ಲಡಿಯನ್ನು ಕೋಲಿಗೆ ಹಾಕಿ ತಿರುವಿ ತಿರುವಿ ಮುಳುಗಿಸಬೇಕು. ಅವಸರ ಮಾಡಿದರೆ ಒಂದು ಕಡೆ ಗಾಢ, ಒಂದು ಕಡೆ ತೆಳು. ಆಮೇಲೆ ಸೀರೆಯಲ್ಲಿ ಅದು ಪಟ್ಟಿ ಪಟ್ಟಿಯಾಗಿ ಕಾಣುತ್ತೆ. ಮಠದ ಮಾಸ್ತರು ‘ಗುರುವೇ’ ಅನ್ನೋದನ್ನು ತಿರುವಿ ತಿರುವಿ ಹಾಡಿದ್ದು ಹೀಗೇ ಇರಬೇಕು ಅನಿಸಿತು.

ಇನ್ನೊಂದು. ನಮಗೆ ‘ಎಳೆ’ ಅಂದರೆ ನೂಲು. ಹಾಸಿನಲ್ಲಿ ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ ಅದನ್ನು ಹುಡುಕಿ ಗಂಟು ಹಾಕಬೇಕು. ‘ಎಳೆ ಎಳೆಯಾಗಿ ಬಿಡಿಸಿ ಹೇಳು’ ಅಂತೀವಲ್ವಾ, ಅಲ್ಲಿ ಉದ್ದ ಮಾತಾಡೋದು ತಪ್ಪೇ ಅಲ್ಲ. ವಿವರವಾಗಿ ಹೇಳು ಅಂತ ನಾವೇ ಕೇಳಿಕೊಳ್ಳೋದು.

ಪೇಟಿ ಮಾಸ್ತರ (ಜಮಖಂಡಿ)

ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಗಾಯನ ಹೇಳಿಕೊಡುತ್ತಿದ್ದೇನೆ. ಈ ವಿಷಯ ನನಗೆ ಬಹಳ ಹತ್ತಿರದ್ದು. ಸ್ವಲ್ಪ ಜಾಸ್ತಿ ಬರೆದರೆ ಓದಿ.

ಮಠದಲ್ಲಿ ನೀವು ಕೇಳಿದ್ದಕ್ಕೆ ನಾವು ‘ಆಲಾಪ’ ಅಂತೀವಿ. ತಾಳ ಇಲ್ಲದೆ, ನಿಧಾನವಾಗಿ, ರಾಗದ ಒಂದೊಂದೇ ಸ್ವರವನ್ನು ತೆರೆದು ತೋರಿಸೋದು. ಈಗ ಈ ಪದದ ಕಥೆ ನೋಡಿ. ‘ಲಪ್’ ಅಂದರೆ ಮಾತಾಡು. ಆಲಾಪ ಅಂದರೆ ಸಂಸ್ಕೃತದಲ್ಲಿ ಮೊದಲ ಅರ್ಥ ಮಾತುಕತೆಯೇ! ಅದರ ಅಣ್ಣತಮ್ಮಂದಿರು ಈಗಲೂ ಮಾತಿನ ಮನೆಯಲ್ಲೇ ಇದ್ದಾರೆ. ಸಲ್ಲಾಪ ಅಂದರೆ ಪ್ರೀತಿಯ ಮಾತು. ಪ್ರಲಾಪ ಅಂದರೆ ಅರ್ಥವಿಲ್ಲದ ಬಡಬಡಿಕೆ. ವಿಲಾಪ ಅಂದರೆ ಅಳುತ್ತ ಆಡುವ ಮಾತು. ಆಲಾಪ ಒಂದೇ ಹಾಡಿನ ಮನೆಗೆ ಬಂದು ಅಲ್ಲೇ ಉಳಿದುಬಿಟ್ಟಿತು.

ಇದೊಂದೇ ಅಲ್ಲ. ಯಮನ್ ರಾಗ ಕಲಿಸುವಾಗ ಮಕ್ಕಳಿಗೆ ಹೇಳುತ್ತೇನೆ, ಗಾಂಧಾರ ಸ್ವರ ವಾದಿ, ನಿಷಾದ ಸ್ವರ ಸಂವಾದಿ ಅಂತ. ವಾದಿ ಅಂದರೆ ಮಾತಾಡುವವನು. ಸಂವಾದಿ ಅಂದರೆ ಅವನ ಜೊತೆ ಮಾತಿಗೆ ಕೂಡುವವನು. ರಾಗಕ್ಕೆ ಹೊಂದದ ಸ್ವರ ವಿವಾದಿ. ಉಳಿದವು ಅನುವಾದಿ. ಈ ನಾಲ್ಕು ಹೆಸರು ಭರತನ ನಾಟ್ಯಶಾಸ್ತ್ರದಲ್ಲೇ ಇವೆ. ಅಷ್ಟು ಹಿಂದೆಯೇ ನಮ್ಮವರು ಸ್ವರಗಳನ್ನು ಕಟ್ಟೆ ಮೇಲೆ ಕೂತು ಮಾತಾಡುವ ನಾಲ್ಕು ಜನರ ಹಾಗೆ ಕಂಡಿದ್ದರು. ತಬಲದ ಧಾ ಧಿನ್‌ಗಳಿಗೆ ‘ಬೋಲ್’ ಅಂತೀವಿ. ಅದೂ ‘ಮಾತಾಡು’ ಅನ್ನೋದರಿಂದಲೇ ಬಂದದ್ದು. ‘ವಾದ್ಯ’ ಅಂದರೆ ಮಾತಾಡಿಸುವಂಥದ್ದು.

ಕನ್ನಡದಲ್ಲೂ ಹಾಗೇ. ವೀಣೆ ನುಡಿಸು ಅಂತೀವಿ. ನುಡಿಸು ಅಂದರೆ ಏನು? ಮಾತಾಡಿಸು. ಪದ ಅಂದರೆ ಒಂದು ಶಬ್ದ, ಪದ ಅಂದರೆ ಇಡೀ ಹಾಡು. ‘ಆ ಪದದಾಗ ಐದು ನುಡಿ ಅದಾವು’ ಅಂತ ಭಜನೆಯವರು ಹೇಳುವಾಗ ಹಾಡಿನ ಚರಣವೇ ನುಡಿ. ಕೂಡಲಸಂಗಮ ನಮಗೆ ದೂರ ಇಲ್ಲ. ‘ವಚನ’ ಅಂದರೂ ಮಾತು ಅಂತಲೇ ಅರ್ಥ, ಅದನ್ನು ನಾವು ಹಾಡುತ್ತೇವೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ನಮ್ಮಲ್ಲಿ ಮಾತಿನ ಪದಗಳು ಸಾಲು ಸಾಲಾಗಿ ಹಾಡಿನ ಕಡೆ ನಡೆದು ಬಂದಿವೆ. ‘ರಾಗ ಎಳೆಯೋದು’ ಮಾತ್ರ ವಾಪಸು ಹೊರಟು ಮಾತಿನ ಮನೆಗೆ ಹೋಯಿತು. ಹೋಗುವಾಗ ಉದ್ದವನ್ನು ಮಾತ್ರ ಎತ್ತಿಕೊಂಡು ಹೋಯಿತು. ಸ್ವರವನ್ನು ಇಲ್ಲೇ ಬಿಟ್ಟಿತು. ಅದಕ್ಕೆ ಬೈಗುಳ ಆಯಿತು.

ಗೋಕಾಕ ಫಾಲ್ಸ್

ಮಾಸ್ತರೇ, ಓದಿ ಬಹಳ ಖುಷಿ ಆಯಿತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಇಂಗ್ಲಿಷಿನಲ್ಲೂ ಇಂಥದೇ ಪದ ಒಂದಿದೆ, ‘ಡೆಸ್ಕ್ಯಾಂಟ್’.

ಲ್ಯಾಟಿನ್ನಿನಲ್ಲಿ ‘ಕಾಂಟುಸ್’ ಅಂದರೆ ಹಾಡು. ‘ಡಿಸ್’ ಅಂದರೆ ಬೇರೆಯಾಗಿ. ಎರಡೂ ಸೇರಿ ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಹಿಂದೆ ಚರ್ಚುಗಳಲ್ಲಿ ಒಬ್ಬರು ಪ್ರಾರ್ಥನೆಯ ಹಳೆಯ ಧಾಟಿಯನ್ನು ಉದ್ದುದ್ದ ಸ್ವರಗಳಲ್ಲಿ ಕದಲದೆ ಹಿಡಿಯುತ್ತಿದ್ದರು. ಅದರ ಮೇಲೆ ಇನ್ನೊಂದು ದನಿ ಬೇರೆ ಧಾಟಿಯನ್ನು ಹೆಣೆಯುತ್ತಿತ್ತು. ಎಷ್ಟೋ ಸಲ ಬರೆದಿಟ್ಟುಕೊಳ್ಳದೆ ಅಲ್ಲೇ ಹುಟ್ಟಿಸಿ ಹಾಡುತ್ತಿದ್ದರು. ಆ ಮೇಲಿನ ದನಿಯೇ ಡೆಸ್ಕ್ಯಾಂಟ್. 16ನೇ ಶತಮಾನದ ಹೊತ್ತಿಗೆ ಒಂದು ವಿಷಯ ಹಿಡಿದು ಅದರ ಮೇಲೆ ಉದ್ದಕ್ಕೆ ಮಾತಾಡೋದಕ್ಕೂ ಅದೇ ಪದ ಬಳಸತೊಡಗಿದರು. ಶೇಕ್ಸ್‌ಪಿಯರನ ಮೂರನೇ ರಿಚರ್ಡ್ ನಾಟಕ 1590ರ ದಶಕದ್ದು. ಅದರ ಮೊದಲ ಮಾತುಗಳಲ್ಲೇ ರಿಚರ್ಡ್, ಬಿಸಿಲಿನಲ್ಲಿ ನನ್ನ ನೆರಳು ನೋಡಿಕೊಂಡು ನನ್ನ ಮೈಯ ವಿಕಾರದ ಮೇಲೆ ಡೆಸ್ಕ್ಯಾಂಟ್ ಮಾಡೋದು ಬಿಟ್ಟು ನನಗೆ ಬೇರೆ ಸುಖ ಏನಿದೆ ಅಂತ ಕೇಳಿಕೊಳ್ಳುತ್ತಾನೆ. ತನ್ನ ನೋವನ್ನು ತಾನೇ ರಾಗವಾಗಿ ಎಳೆಯುತ್ತಾನೆ ಅಂದರೆ ತಪ್ಪಾಗಲಾರದು.

ಕೆಳಗಿನ ದನಿಯ ಹೆಸರೂ ನೋಡಬೇಕು, ‘ಟೆನರ್’. ಲ್ಯಾಟಿನ್ನಿನಲ್ಲಿ ‘ಹಿಡಿ’ ಅನ್ನೋ ಕ್ರಿಯಾಪದದಿಂದ ಬಂದದ್ದು. ನಮ್ಮ ಭಜನೆಯವರು ‘ಸೂರ ಹಿಡಿ’ ಅಂತಾರಲ್ಲ, ಅದೇ. ಅಂದರೆ ಡೆಸ್ಕ್ಯಾಂಟ್ ಅನ್ನೋದರಲ್ಲಿ ಬರೀ ಉದ್ದ ಇರಲಿಲ್ಲ. ಕೆಳಗೆ ಒಬ್ಬ ಹಿಡಿದವನಿದ್ದ, ಅದಕ್ಕೇ ಮೇಲಿನವನು ಹಾರಬಹುದಿತ್ತು.

ಲ್ಯಾಟಿನ್ನಿನ ಅದೇ ‘ಹಾಡು’ ಮೂಲದಿಂದ ಇಂಗ್ಲಿಷಿಗೆ ‘ಕ್ಯಾಂಟ್’ ಅನ್ನೋ ಪದವೂ ಬಂತು. ಭಿಕ್ಷೆ ಬೇಡುವವರು ರಾಗ ಮಾಡಿ ಕೇಳುವ ಧಾಟಿಗೆ ಮೊದಲು ಆ ಹೆಸರು, ಆಮೇಲೆ ಬಾಯಿಮಾತಿನ ಒಣ ಉಪದೇಶಕ್ಕೆ. ನಿಮ್ಮ ಮಗ ಟ್ರಿಪ್ಪಿಗೆ ದುಡ್ಡು ಕೇಳಿದ್ದಕ್ಕೆ ಇದು ಇನ್ನೂ ಹತ್ತಿರ.

ಮುಧೋಳದ ಹಾದಿ

ಗುರುಗಳೇ, ‘ಕೆಳಗೆ ಒಬ್ಬ ಹಿಡಿದವನಿದ್ದ’ ಅನ್ನೋದು ಮನಸ್ಸಿಗೆ ನಾಟಿತು. ಮಠದಲ್ಲಿ ಪೇಟಿಯ ಒಂದು ಮನೆ ಒತ್ತಿ ಹಿಡಿದಿದ್ದ ಹುಡುಗನೊಬ್ಬ ಇದ್ದ. ಅವನ ಕಡೆ ಯಾರೂ ನೋಡಲಿಲ್ಲ. ನಾನೂ ನೋಡಿರಲಿಲ್ಲ.

ಹಲಸಂಗಿ ದಾರಿ (ವಿಜಯಪುರ)

ಮಾಸ್ತರ ಮಾತಿಗೆ ಒಂದು ಕಡೆ ಒಪ್ಪಿಗೆ ಇಲ್ಲ. ‘ರಾಗ ಎಳೆ’ ಅನ್ನೋದು ಆಲಾಪ ಕೇಳಿದವರ ಬಾಯಿಂದ ಬಂದದ್ದು ಅಂತ ನನಗೆ ಅನಿಸೋದಿಲ್ಲ. ನಮ್ಮ ಹಳ್ಳಿಗಳಲ್ಲಿ ಆಲಾಪ ಕೇಳಿದವರು ಎಷ್ಟು ಜನ? ಆದರೆ ಗೀಗೀ ಪದ ಕೇಳದವರು ಯಾರಿದ್ದರು?

ನಮ್ಮ ಕಡೆ ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಹಾಡಿಕೆ ಕಟ್ಟುತ್ತಾರೆ. ಒಂದು ಮೇಳ ಗಂಡು ಹೆಚ್ಚು ಅಂತ ಹಾಡುತ್ತೆ, ಇನ್ನೊಂದು ಹೆಣ್ಣು ಹೆಚ್ಚು ಅಂತ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ? ದಪ್ಪು, ತುಂತುಣಿ, ತಾಳ, ಅಷ್ಟೇ. ರಾತ್ರಿ ಊಟ ಆದ ಮೇಲೆ ಶುರುವಾದರೆ ಬೆಳಕು ಹರಿಯೋತನಕ ಸವಾಲ್ ಜವಾಬ್. ಮುಂದಿನವರು ಒಂದು ಸವಾಲು ಎತ್ತುತ್ತಾರೆ, ಹಿಮ್ಮೇಳದವರು ‘ಗೀ ಗೀ’ ಅಂತ ಎತ್ತಿಕೊಳ್ಳುತ್ತಾರೆ. ಎದುರು ಮೇಳದ ಹಾಡುಗಾರ್ತಿ ಪುರಾಣದಿಂದ ಒಂದು ಕಥೆ ತೆಗೆದು ಜವಾಬು ಕೊಡುತ್ತಾಳೆ.

ಇದು ವಾದ. ವಕೀಲರು ಮಾಡುವಂಥ ವಾದವೇ. ಆದರೆ ಪೂರ್ತಿ ಹಾಡಿನಲ್ಲಿ. ಜವಾಬು ತಕ್ಷಣ ನೆನಪಾಗದಿದ್ದರೆ ಏನು ಮಾಡಬೇಕು? ಕೊನೆಯ ಅಕ್ಷರವನ್ನು ಎಳೆಯಬೇಕು. ಹಿಮ್ಮೇಳ ಅದನ್ನು ತಾಂಗುತ್ತೆ. ಅಷ್ಟರಲ್ಲಿ ಮುಂದಿನ ನುಡಿ ಕಟ್ಟಿಕೊಳ್ಳಬೇಕು. ಚಿಕ್ಕವನಿದ್ದಾಗ ನನ್ನ ಮಾಮಾ ಕಿವಿಯಲ್ಲಿ ಹೇಳುತ್ತಿದ್ದರು, “ನೋಡ, ಈಕಿಗೆ ಜವಾಬ ಸಿಕ್ಕಿಲ್ಲ, ರಾಗಾ ಎಳ್ಯಾಕತ್ಯಾಳ.” ಅವರು ಹಾಗೆ ಹೇಳಿದ ಮೇಲೆ ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿರುತ್ತಿತ್ತು. ಒಂದು ಕೈ ಕಿವಿ ಮೇಲೆ. ದನಿ ಎಳೆಯುತ್ತಲೇ ಇರುತ್ತಿತ್ತು. ಥಟ್ಟನೆ ಕಣ್ಣು ತೆರೆದಳು ಅಂದರೆ ಜವಾಬು ಬಂತು ಅಂತಲೇ ಲೆಕ್ಕ. ಜನ ಎದ್ದು ನಿಂತು ಸೀಟಿ ಹೊಡೆಯುತ್ತಿದ್ದರು.

ನೇರ ಉತ್ತರ ಕೊಡದೆ ಮಾತು ಉದ್ದ ಮಾಡೋದಕ್ಕೆ ‘ರಾಗ ಎಳೆ’ ಅಂತೀವಲ್ಲ, ಅದಕ್ಕೆ ಇದಕ್ಕಿಂತ ಹತ್ತಿರದ ಚಿತ್ರ ಬೇರೆ ಇಲ್ಲ ಅಂತ ನನ್ನ ನಂಬಿಕೆ. ‘ತಾಳ ಹಾಕೋದು’, ‘ದನಿಗೂಡಿಸೋದು’, ‘ಅಪಸ್ವರ ತೆಗೆಯೋದು’, ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’, ಇವೆಲ್ಲ ಮೇಳದಲ್ಲಿ, ಭಜನೆಯಲ್ಲಿ ಕೂತವರ ಮಾತುಗಳು. ಕಛೇರಿಗೆ ಟಿಕೆಟ್ ತೆಗೆದು ಹೋದವರ ಮಾತುಗಳಲ್ಲ.

ಪೇಟಿ ಮಾಸ್ತರ (ಜಮಖಂಡಿ)

ಹಲಸಂಗಿಯವರೇ, ನಿಮ್ಮ ಮಾತು ಒಪ್ಪುತ್ತೇನೆ. ನನಗೆ ಅದು ಹೊಳೆದಿರಲಿಲ್ಲ. ಹಲಸಂಗಿ ಗೆಳೆಯರು ಹಳ್ಳಿ ಹಾಡುಗಳನ್ನು ಮನೆ ಮನೆಗೆ ಹೋಗಿ ಕೂಡಿಸಿದ ಊರಿನ ಹಾದಿಯವರು ನೀವು, ನಿಮಗೆ ಹೊಳೆಯಬೇಕಾದದ್ದೇ.

ಆದರೆ ಒಂದು ಸೇರಿಸುತ್ತೇನೆ. ಉದ್ದ ಅಂದ ಕೂಡಲೇ ಎಲ್ಲರೂ ಉಸಿರಿನ ಉದ್ದ ಅಂದುಕೊಳ್ಳುತ್ತಾರೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, 1924ರಲ್ಲಿ. ಕ್ಷಯರೋಗದಿಂದ ಒಂದು ಶ್ವಾಸಕೋಶ ಹೋದ ಮೇಲೆ ಅವರು ಮತ್ತೆ ಹಾಡಿದರು. ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡಿದರು. ಒಂದು ತುಣುಕು, ಒಂದು ಮೌನ, ಮತ್ತೊಂದು ತುಣುಕು. ಕೇಳಿ ನೋಡಿ, ಆ ಮೌನದಲ್ಲಿ ರಾಗ ಕಡಿಯೋದೇ ಇಲ್ಲ. ರಬಕವಿಯವರು ಹೇಳಿದ ಹಾಗೆ ಎಳೆ ಹಾಗೇ ಇರುತ್ತೆ.

ಇಂಡಿ ಲಿಂಬಿ

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ. ನೀವ್ಯಾರೂ ಒಂದು ಕಡೆ ಹೋಗಲಿಲ್ಲ. ಸಾವಿನ ಮನೆಗೆ.

ನಮ್ಮ ಆಯಿ, ಅಂದರೆ ಅಜ್ಜಿ, ಹೋಗಿ ಎರಡು ವರ್ಷ ಆಯಿತು. ಸುದ್ದಿ ತಿಳಿದು ಆಕೆಯ ತಂಗಿ, ನಾವು ಸಣ್ಣಾಯಿ ಅಂತೀವಿ, ಟಂಟಂ ಹಿಡಿದು ಬಂದಳು. ಅಂಗಳದ ಬಾಗಿಲು ದಾಟುವ ತನಕ ಸುಮ್ಮನಿದ್ದಳು. ಹೊಸ್ತಿಲ ಮೇಲೆ ಕಾಲಿಟ್ಟ ಕೂಡಲೇ ದನಿ ತೆಗೆದಳು. ‘ನನ್ನವ್ವಾ’ ಅಂತ. ಅಕ್ಕನಿಗೆ ಆಕೆ ಅವ್ವಾ ಅಂತಲೇ ಅನ್ನುತ್ತಿದ್ದಳು.

ನಮ್ಮ ಕಡೆ ಇದಕ್ಕೆ ‘ಹಾಡ್ಯಾಡಿ ಅಳೋದು’ ಅಂತಾರೆ. ಹಾಡಿ, ಆಡಿ. ಎರಡೂ ಒಂದೇ ಉಸಿರಿನಲ್ಲಿ. ಸಣ್ಣಾಯಿ ಆಯಿಯ ಪಾದ ಹಿಡಿದುಕೊಂಡು ಕೂತಳು. ಬೆರಳಿನಿಂದ ಆ ಪಾದದ ಬಿರುಕುಗಳನ್ನು ಸವರುತ್ತಿದ್ದಳು. ಬರಗಾಲದ ವರ್ಷ ಇಬ್ಬರೂ ಕೂಡಿ ಮಣ್ಣು ಹೊರಲು ಹೋಗಿದ್ದು ಹೇಳಿದಳು. ಅಕ್ಕ ತನ್ನ ಪಾಲಿನ ರೊಟ್ಟಿ ಮುರಿದು ಸೆರಗಿನಲ್ಲಿ ಕಟ್ಟಿ ತಂದು ಕೊಟ್ಟಿದ್ದು ಹೇಳಿದಳು. ನನ್ನ ಅಪ್ಪ ಹುಟ್ಟಿದ ರಾತ್ರಿ ಎಷ್ಟು ಮಳೆ ಇತ್ತು ಅಂತ ಹೇಳಿದಳು. ಒಂದೊಂದು ಸಂಗತಿ ಮುಗಿದ ಮೇಲೆ ದನಿ ಇಳಿಸಿಕೊಂಡು ‘ನನ್ನವ್ವಾ’ ಅಂತ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ಸುತ್ತ ಕೂತ ಹೆಂಗಸರು ಅಲ್ಲಿ ದನಿ ಕೂಡಿಸುತ್ತಿದ್ದರು. ಒಂದು ತಾಸಿಗಿಂತ ಜಾಸ್ತಿ. ಒಂದು ಮಾತೂ ಎರಡು ಸಲ ಬರಲಿಲ್ಲ. ನನಗೆ ಗೊತ್ತಿಲ್ಲದ ಆಯಿ ಒಬ್ಬಳು ಅವತ್ತು ನನಗೆ ಸಿಕ್ಕಳು.

ಪಟ್ಟಣದಿಂದ ಬಂದ ಸಂಬಂಧಿಕರೊಬ್ಬರು ಹೊರಗೆ ನಿಂತು, “ಸಾಕ ಮಾಡ್ರಿ, ಎಷ್ಟ ರಾಗಾ ಎಳೀತಾರ” ಅಂದರು. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತೆ. ಮಾಸ್ತರ ಪಟ್ಟಿಯಲ್ಲಿ ವಿಲಾಪ ಅನ್ನೋ ಪದ ಓದಿದಾಗ ಅದೇ ನೆನಪಾಯಿತು. ಆಲಾಪ, ವಿಲಾಪ ಅಣ್ಣತಮ್ಮ ಅಂತ ನೀವು ಬರೆದಿರಿ. ನಮ್ಮ ಸಣ್ಣಾಯಿಗೆ ಅದು ಯಾರೂ ಹೇಳಿಕೊಡದೆ ಗೊತ್ತಿತ್ತು.

ಹಲಸಂಗಿ ದಾರಿ (ವಿಜಯಪುರ)

ಅಕ್ಕಾ, ಓದಿ ಕಣ್ಣು ತುಂಬಿ ಬಂತು. ನಾನು ‘ಗೀಗೀ ಮೇಳದಿಂದಲೇ ಬಂತು’ ಅಂತ ಅಷ್ಟು ಗಟ್ಟಿಯಾಗಿ ಬರೆಯಬಾರದಿತ್ತು. ಮಗು ಅತ್ತರೂ ‘ರಾಗ ತೆಗೆದ’ ಅಂತೀವಿ. ಅಳುವಿನಿಂದಲೂ ದಾರಿ ಇದೆ.

ಪೇಟಿ ಮಾಸ್ತರ (ಜಮಖಂಡಿ)

ತಂಗೀ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಖಯಾಲ್ ಅನ್ನೋ ಹಿಂದೂಸ್ತಾನಿ ಗಾಯನ ಹಾಡುವಾಗ ನಾವು ಎಷ್ಟೇ ದೂರ ಹೋದರೂ ಬಂದಿಶಿನ, ಅಂದರೆ ಕಟ್ಟಿದ ಹಾಡಿನ, ಮೊದಲ ತುಣುಕು ಹಿಡಿದು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಸೇರಬೇಕು. ಆ ತುಣುಕಿಗೆ ‘ಮುಖಡಾ’ ಅಂತೀವಿ. ಮಕ್ಕಳಿಗೆ ಇದನ್ನು ಕಲಿಸಲು ವರ್ಷಗಟ್ಟಲೆ ಬೇಕು. ನಿಮ್ಮ ಸಣ್ಣಾಯಿಯ ‘ನನ್ನವ್ವಾ’ ಅದೇ ಕೆಲಸ ಮಾಡಿದೆ. ಹೆಂಗಸರು ಅಲ್ಲೇ ದನಿ ಕೂಡಿಸಿದ್ದು ಕೂಡ, ಗೋಕಾಕದ ಗುರುಗಳು ಹೇಳಿದ ಆ ‘ಹಿಡಿಯುವ’ ದನಿಯ ಕೆಲಸವೇ. ಅವರು ಈಗ ಹೇಗಿದ್ದಾರೆ? ಆ ಧಾಟಿಯನ್ನು ಒಮ್ಮೆ ಕೇಳಬೇಕು ಅಂತ ಆಸೆ ಆಗಿದೆ.

ಗೋಕಾಕ ಫಾಲ್ಸ್

ನನಗೂ. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ ತಾಯಿ. ಬೇರೆಯವರಿಗೆ ಕಳಿಸದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯಲ್ಲಿ ಇರಲಿ.

ಇಂಡಿ ಲಿಂಬಿ

ಸರ್, ಮಾಸ್ತರೇ, ನಿನ್ನೆ ಭಾನುವಾರ ಹೋಗಿದ್ದೆ. ಸಣ್ಣಾಯಿ ಆರಾಮ ಇದ್ದಾಳೆ. ಕಣ್ಣು ಮಂಜಾಗಿವೆ, ದನಿ ಹಾಗೇ ಇದೆ. ಕೇಳಿದೆ. ಆಕೆ ನನ್ನ ಬಾಯಿ ಮೇಲೆ ಕೈ ಇಟ್ಟು, “ಹಂಗ ಅನಬ್ಯಾಡ. ಮಂದಿ ಚೊಲೊ ಇದ್ದಾಗ ಅದನ್ನ ಮನ್ಯಾಗ ಹಾಡಬಾರದ” ಅಂದಳು. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಹಿತ್ತಲಿನಲ್ಲಿದ್ದ ಬೀಸುಕಲ್ಲಿನ ಹತ್ತಿರ ಹೋದಳು. ಅದರಲ್ಲಿ ಯಾರೂ ಬೀಸೋದಿಲ್ಲ, ಮೇಲೆ ಬೆರಣಿ ಒಟ್ಟಿದ್ದರು. ಅವನ್ನು ಸರಿಸಿ ಗೂಟ ಹಿಡಿದು ಖಾಲಿ ಕಲ್ಲನ್ನೇ ತಿರುಗಿಸುತ್ತ ಬೀಸುವ ಪದ ಶುರು ಮಾಡಿದಳು. ತವರುಮನೆಯ ಪದ. ಕಲ್ಲಿನ ಗುರ್ ಅನ್ನೋ ಸದ್ದು ಕೆಳಗೆ, ಆಕೆಯ ದನಿ ಮೇಲೆ.

ಧಾಟಿ ಅವತ್ತಿನದೇ ಇತ್ತು. ‘ನನ್ನವ್ವಾ’ ಅನ್ನುವ ಜಾಗದಲ್ಲಿ ‘ತೌರೂರ’ ಅಂತ ಬರುತ್ತಿತ್ತು. ಅಲ್ಲಿಗೆ ಬಂದಾಗ ನಾನು ದನಿ ಕೂಡಿಸಿದೆ. ಫೋನು ಚೀಲದಲ್ಲೇ ಇತ್ತು, ತೆಗೆಯಲು ಮನಸ್ಸಾಗಲಿಲ್ಲ. ಅಮಾವಾಸ್ಯೆಗೆ ಮತ್ತೆ ಬಾ ಅಂದಿದ್ದಾಳೆ.